ನಾಲ್ಕನೇ ಪುಟದ ಮೇಸ್ತ್ರಿ

ಸತ್ತವನು ಬಾಗಿಲು ತಳ್ಳಿಕೊಂಡು ಒಳಗೆ ಬಂದ.

ಸಂಗೀತ ಶಾಲೆಯ ಕಾರ್ಯದರ್ಶಿ ರಸೀದಿ ಬರೆಯುತ್ತಿದ್ದಳು. ಪೆನ್ನು ಅಲ್ಲೇ ನಿಂತಿತು. ಎದುರಿಗಿದ್ದ ಖಜಾಂಚಿ ಕುರ್ಚಿ ಸಮೇತ ಹಿಂದಕ್ಕೆ ಸರಿದ. ಬಂದವನು ವಾದ್ಯ ರಿಪೇರಿ ಮೇಸ್ತ್ರಿ. ಅದೇ ಬಿಳಿ ಗಡ್ಡ, ಅದೇ ಅಂಟಿನ ಕಲೆಯ ಅಂಗಿ. ಮೊಣಕಾಲವರೆಗೂ ಧೂಳು. ಬೆಂಚಿನ ಮೇಲೆ ಧಪ್ಪನೆ ಕೂತ.

"ಮೊದಲು ನೀರು ಕೊಡ್ರಿ," ಎಂದ. "ಬೈಯೋದು ಆಮೇಲೆ."

ಹತ್ತು ದಿನದ ಹಿಂದೆ ಅವನನ್ನು ಸಾಯಿಸಿದ್ದು ಅವಳೇ. ಶಾಲೆಯ ಸುದ್ದಿಪತ್ರದ ನಾಲ್ಕನೇ ಪುಟದಲ್ಲಿ, ಕಪ್ಪು ಚೌಕಟ್ಟಿನೊಳಗೆ.

ನೂರಾ ನಲವತ್ತು ಮಕ್ಕಳು ಬಿಟ್ಟಿಯಾಗಿ ಕಲಿಯುವ ಶಾಲೆ. ಚಾವಣಿ ಕುಸಿಯುವಂತಿತ್ತು. ತಿಂಗಳ ಕೊನೆಯೊಳಗೆ ಹೊಸದು ಹಾಕಿಸದಿದ್ದರೆ ಬೀಗ ಜಡಿಯುತ್ತೇನೆಂದು ನಗರಸಭೆಯ ಎಂಜಿನಿಯರ್ ನೋಟೀಸು ಅಂಟಿಸಿ ಹೋಗಿದ್ದ. ಮೂರು ವರ್ಷದಿಂದ ಅವಳು ಸುದ್ದಿಪತ್ರದಲ್ಲಿ ತಿಂಗಳು ತಿಂಗಳೂ ಚಾವಣಿಯ ಬಗ್ಗೆಯೇ ಬರೆದಳು. ಕಣ್ಣೀರು ಬರುವಂತೆ ಬರೆದಳು, ಸಿಟ್ಟಿನಿಂದ ಬರೆದಳು, ಕೊನೆಗೆ ದಪ್ಪಕ್ಷರದಲ್ಲಿ ಬರೆದಳು. ಬಂದದ್ದು ತಂತಿಯಿಲ್ಲದ ಎರಡು ಗಿಟಾರು, ಒಂದು ಹರಕು ಸೋಫಾ. ಆರು ನೂರು ಪ್ರತಿ ಮಡಚಿ, ಅಂಟಿಸಿ, ವಿಳಾಸ ಬರೆದು ಅವಳ ಬೆರಳು ಸವೆದಿದ್ದವು.

ಆಗ ಕಾಣಿಕೆ ಡಬ್ಬಿಯಲ್ಲಿ ನೆನಪಿನ ಕಾಣಿಕೆಯ ಒಂದು ಅರ್ಜಿ ಸಿಕ್ಕಿತು. ಮೇಲಿನ ಸಾಲು 'ಯಾರ ನೆನಪಿಗೆ', ಕೆಳಗಿನದು 'ಕೊಟ್ಟವರು'. ಮೇಲೆ ಮೇಸ್ತ್ರಿಯ ಹೆಸರು, ಕೆಳಗೆ ಅವನ ಹೆಂಡತಿಯದು. ಹೆಂಡತಿಯನ್ನು ಅವಳು ನೋಡಿದ್ದೇ ಇಲ್ಲ. ಅಂಗಡಿಗೆ ಹೋದಳು, ಶಟರ್ ಎಳೆದಿತ್ತು. ಮನೆಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳುವ ಪದ್ಧತಿ ಶಾಲೆಯಲ್ಲಿರಲಿಲ್ಲ. ಹಿಂದೊಮ್ಮೆ ಹಾಗೆ ಕೇಳಲು ಹೋದಾಗ, ಗಂಡ ಸತ್ತ ಹೆಂಗಸೊಬ್ಬಳು ಫೋನಿನಲ್ಲೇ ಗೋಳಾಡಿದ್ದಳು. ಅಂದಿನಿಂದ ಅರ್ಜಿಯಲ್ಲಿದ್ದದ್ದನ್ನೇ ಅಚ್ಚು ಹಾಕುವುದು.

ಈ ಸಲ ಐದು ಸಾಲು ಸೇರಿಸಿದಳು. ನಲವತ್ತು ವರ್ಷ ನಮ್ಮೆಲ್ಲರ ಮುರಿದ ಪಿಟೀಲು ಜೋಡಿಸಿದ ಕೈ ಸುಮ್ಮನಾಗಿದೆ, ಅವರ ನೆನಪಿಗೆ ಒಂದು ಚಾವಣಿ ಹಾಕೋಣ ಎಂದು. ಬರೆಯುವಾಗ ಅವಳ ಕಣ್ಣೂ ಒದ್ದೆಯಾಗಿತ್ತು.

ವಾರದೊಳಗೆ ಹಣ ಬಂತು. ಹಲ್ಲಿನ ಡಾಕ್ಟರು ಎಲ್ಲರಿಗಿಂತ ಹೆಚ್ಚು ಕೊಟ್ಟರು. ಪ್ರತಿ ಲಕೋಟೆಯ ಮೇಲೂ 'ಮೇಸ್ತ್ರಿಗೋಸ್ಕರ' ಎಂದಿತ್ತು. ಒಂದರಲ್ಲಿ, 'ಸಾಕಾ ಮೇಸ್ತ್ರಿ?' ಎಂಬ ಚೀಟಿ. ಅದನ್ನೋದಿ ಅವಳು ಮತ್ತೊಮ್ಮೆ ಅತ್ತಳು. ಮಣ್ಣು ಎಲ್ಲಿ ಮಾಡಿದರು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಜನವೇ ಹಾಗೆ ಎಂದುಕೊಂಡಳು. ಮೂರು ವರ್ಷದಲ್ಲಿ ಮೊದಲ ಬಾರಿಗೆ ತನ್ನ ಬರಹಕ್ಕೆ ಬೆಲೆ ಬಂದಿತ್ತು. ಗುತ್ತಿಗೆದಾರ ನಾಳೆ ಬರುವವನಿದ್ದ.

ಈಗ ಸತ್ತವನು ಎರಡನೇ ಲೋಟ ನೀರು ಕುಡಿಯುತ್ತಿದ್ದ.

"ತಪ್ಪು ನಂದೇ ಮೇಸ್ತ್ರಿಗಳೇ," ಎಂದಳು.

"ನಿಂದಲ್ದೆ ಇನ್ಯಾರ್ದು?" ಮೇಸ್ತ್ರಿ ಲೋಟ ಕುಕ್ಕಿದ. "ಎಪ್ಪತ್ತೆರಡು ವರ್ಷ ಯಾರ ಮುಂದೂ ತಲೆ ತಗ್ಗಿಸಿದವನಲ್ಲ. ನಿನ್ನ ದೆಸೆಯಿಂದ ಜನ ನನ್ನ ಕಂಡ್ರೆ ಬಾಗಿಲು ಹಾಕ್ಕೊಳ್ಳೋ ಹಾಗಾಯ್ತು."

ಸತ್ತವನನ್ನು ಬೀದಿಯಲ್ಲಿ ಕಂಡರೆ ಯಾರು ತಾನೇ ಹಾಕಿಕೊಳ್ಳುವುದಿಲ್ಲ? ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅದಿರಲಿ, ಎಷ್ಟು ಬಂತು?"

"ಚಾವಣಿಗೆ ಆಗುವಷ್ಟು."

"ಹಾಗಾದ್ರೆ ನನ್ನ ಮಾನ ಹೋಗಿದ್ದು ದಂಡ ಆಗ್ಲಿಲ್ಲ ಬಿಡು."

"ಇಲ್ಲ ಮೇಸ್ತ್ರಿಗಳೇ, ಎಲ್ಲರಿಗೂ ವಾಪಸ್ ಕೊಡ್ತೀನಿ. ಸುಳ್ಳಿನ ಮೇಲೆ ಬಂದ ದುಡ್ಡು ಬೇಡ."

"ವಾಪಸ್ಸಾ?" ಮೇಸ್ತ್ರಿ ಎದ್ದೇ ನಿಂತ. "ತಲೆ ನೆಟ್ಟಗಿದೆಯಾ ನಿಂಗೆ? ಒಂದು ಕಾಸು ವಾಪಸ್ ಹೋದ್ರೂ ಈ ಶಾಲೆ ಮೆಟ್ಟಿಲು ಹತ್ತಲ್ಲ ನಾನು!" ಕುಂಟುತ್ತ, ಗೊಣಗುತ್ತ, ಕಾಲು ತೊಳೆಯಲು ಹಿತ್ತಲಿನ ನಲ್ಲಿಗೆ ಹೋದ.

ಎಂಥ ದೊಡ್ಡ ಮನಸ್ಸು. ಅವಳಿಗೆ ಇನ್ನಷ್ಟು ನಾಚಿಕೆಯಾಯಿತು.

ಖಜಾಂಚಿ ಹತ್ತಿರ ಬಂದು ಪಿಸುಗುಟ್ಟಿದ. "ಅಕ್ಕಾ, ಒಂದಲ್ಲ ಒಂದು ದಿನ ಎಲ್ರೂ ಹೋಗೋರೇ. ನಾವು ಸ್ವಲ್ಪ ಮುಂಚೆ ಹಾಕಿದ್ದೀವಿ ಅಷ್ಟೆ. ಚಾವಣಿ ಆಗೋವರೆಗೂ ಮನೆಯೊಳಗೇ ಇರಿ ಅಂತ ಅವರಿಗೆ ಹೇಳಿದ್ರೆ ಸಾಕು."

"ಬಾಯಿ ಮುಚ್ಚು," ಎಂದಳು.

ಕಿಟಕಿಯಾಚೆ ಮಕ್ಕಳು ಒಂದೇ ಸ್ವರವನ್ನು ಇಪ್ಪತ್ತು ಸಲ ತಪ್ಪು ನುಡಿಸುತ್ತಿದ್ದರು. ಮುಂದಿನ ತಿಂಗಳು ಆ ತಪ್ಪೂ ಕೇಳಿಸುವುದಿಲ್ಲ. ಅವಳು ಹಲ್ಲು ಕಚ್ಚಿಕೊಂಡು ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದಳು. ಹೆಚ್ಚು ಕೊಟ್ಟವರಿಗೇ ಮೊದಲು ಹೇಳಬೇಕು.

"ಡಾಕ್ಟ್ರೇ, ನಮ್ಮಿಂದ ದೊಡ್ಡ ಅಪಚಾರ ಆಗಿದೆ. ಮೇಸ್ತ್ರಿ ಬದುಕಿದ್ದಾರೆ. ತೀರಿಹೋದ ಹೆಂಡತಿ ನೆನಪಿಗೆ ಹಾಕಿದ ಅರ್ಜಿಯಲ್ಲಿ ಅವರು ತಮ್ಮ ಹೆಸರು, ಹೆಂಡತಿ ಹೆಸರು ಅದಲುಬದಲು ಬರೆದಿರಬೇಕು. ನಾನು ವಿಚಾರಿಸದೆ ಸತ್ತರು ಅಂತ ಹಾಕಿಬಿಟ್ಟೆ. ನಿಮ್ಮ ಹಣ ವಾಪಸ್ ಕಳಿಸ್ತೀನಿ."

"ಸತ್ತರು ಅಂತಾನಾ? ಎಲ್ಲಿ ಹಾಕಿದ್ರಿ?"

"ಸುದ್ದಿಪತ್ರದಲ್ಲಿ. ನಾಲ್ಕನೇ ಪುಟ."

ಡಾಕ್ಟರು ಜೋರಾಗಿ ನಕ್ಕರು.

"ಅದನ್ನ ಯಾರಮ್ಮಾ ಓದ್ತಾರೆ? ನಿಮ್ಮ ಮೇಸ್ತ್ರಿ ಹೋದ ವಾರ ನಮ್ಮ ವರಾಂಡದಲ್ಲೇ ಕೂತು, ಶಾಲೆಗೆ ಚೆಕ್ಕು ಕಳಿಸೋವರೆಗೂ ಏಳಲ್ಲ ಅಂತ ಹಟ ಹಿಡಿದಿದ್ರು. ಎರಡು ವಾರದಿಂದ ಅಂಗಡಿ ಮುಚ್ಚಿ ಮನೆಮನೆ ಸುತ್ತುತ್ತಿದ್ದಾರೆ, ನಮ್ಮ ಬೀದೀಲಿ ಒಂದು ಮನೇನೂ ಬಿಟ್ಟಿಲ್ಲ ಪುಣ್ಯಾತ್ಮ!"