ಸೀತೆಯ ತವರಿಗೆ ರೈಲು

ರೈಲಿನಲ್ಲೇ ಗಡಿ ದಾಟಿ ನೇಪಾಳದ ಜನಕಪುರಕ್ಕೆ ಹೋಗುತ್ತೇನೆಂದು ವನಜಾಕ್ಷಿ ಹೇಳಿದ್ದೇ ತಡ, ಗಂಡ ಸಿಡುಕಿದ.

"ಸೀತೆ ಹುಟ್ಟಿದ ಊರು ನೋಡೋಕೆ ಅಷ್ಟು ದಿನ ರೈಲಲ್ಲಿ ಕೂರ್ಬೇಕಾ? ಹೋದ್ವರ್ಷ ಅಯೋಧ್ಯೆಗೆ ಕರ್ಕೊಂಡು ಹೋಗಿದ್ನಲ್ಲ!"

"ಅದು ಅವಳ ಗಂಡನ ಮನೆ ರೀ. ಇದು ತವರು."

"ನಾನಂತೂ ಬರಲ್ಲ."

"ನಿಮ್ಮನ್ನ ಕರೆದೋರು ಯಾರು?" ಅವಳು ಚಕ್ಕುಲಿಯನ್ನು ಡಬ್ಬಿಗೆ ತುಂಬುತ್ತಲೇ ಇದ್ದಳು. "ಟಿಕೆಟ್ ಆಗ್ಲೇ ಬುಕ್ ಆಗಿದೆ."

ಅವನು ಕೊನೆಯ ಅಸ್ತ್ರ ತೆಗೆದ. "ಹೋಗು, ಯಾರು ಬೇಡ ಅಂದ್ರು? ಈ ವಯಸ್ಸಲ್ಲಿ ನಮ್ಮಮ್ಮನ್ನ ಯಾರು ನೋಡ್ಕೋತಾರೆ ಅಂತ ಅವರನ್ನೇ ಒಂದು ಮಾತು ಕೇಳಿ ಹೋಗು."

ಒಳಕೋಣೆಯಲ್ಲಿ ಬ್ಯಾಗಿನ ಜಿಪ್ ಎಳೆದ ಸದ್ದಾಯಿತು. ಹಿಂದೆಯೇ ಅತ್ತೆಯ ದನಿ ಕೇಳಿತು:

"ವನಜಾ, ಕೆಳಗಿನ ಬರ್ತು ನಂಗೇ ತಾನೇ?"