ಎಂಟನೆಯ ಪ್ರಶ್ನೆ

ಎಂಟನೆಯ ಪ್ರಶ್ನೆಗೆ ಬಂದಾಗ ಇವಳ ಕೆಂಪು ಪೆನ್ನು ಗಕ್ಕನೆ ನಿಂತಿತು. ಸ್ತನ ಕ್ಯಾನ್ಸರ್ ಬಗ್ಗೆ ಮಾತಾಡಲು ವಿಶ್ವವಿದ್ಯಾಲಯಕ್ಕೆ ಬಂದಿದ್ದ ನರ್ಸು ಹತ್ತು ಪ್ರಶ್ನೆಗಳನ್ನು ಕೊಟ್ಟು, ಪಕ್ಕದವರ ಹಾಳೆಯನ್ನು ಪಕ್ಕದವರೇ ತಿದ್ದಿ ಎಂದಿದ್ದಳು. ಸರಿಯುತ್ತರಗಳಿದ್ದ ಉತ್ತರಪತ್ರ ಬೆಂಚಿಗೊಂದೇ, ಅದು ಇವಳ ಕೈಯಲ್ಲಿತ್ತು. ತಿದ್ದಲು ಸಿಕ್ಕಿದ್ದು ರೂಮ್‌ಮೇಟಿನ ಹಾಳೆ. ಆ ರೂಮ್‌ಮೇಟಿಗೆ ರ‍್ಯಾಂಕ್‌ರಾಣಿ ಎಂದು ಹೆಸರಿಟ್ಟವಳೂ ಇವಳೇ. ಅಮ್ಮ ಹಾಸ್ಟೆಲಿಗೆ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವುದು, "ಅವಳಿಗೆಷ್ಟು ಬಂತೇ?" ಮೂರು ವರ್ಷದಿಂದ ಅದನ್ನೇ ಕೇಳಿ ಕೇಳಿ ಇವಳ ಹೊಟ್ಟೆ ಉರಿದುಹೋಗಿತ್ತು.

ಈಗ ಆ ಮುತ್ತಿನಂಥ ಅಕ್ಷರದಲ್ಲೇ ಒಂದು ತಪ್ಪು! 'ಗಂಟು ನೋಯದಿದ್ದರೆ ಭಯವಿಲ್ಲ' ಎಂಬುದರ ಮುಂದೆ ರಾಣಿ 'ಸರಿ' ಎಂದು ಬರೆದಿದ್ದಳು. ಇವಳು ಹಾಳೆ ಹರಿಯುವಷ್ಟು ಒತ್ತಿ ಗೆರೆ ಎಳೆದಳು.

"ನೋಡೇ, ತಪ್ಪು! ನೋವಿಲ್ದಿದ್ರೂ ಡಾಕ್ಟರಿಗೆ ತೋರಿಸ್ಲೇಬೇಕಂತೆ. ಇಷ್ಟೂ ಗೊತ್ತಿಲ್ವಾ ನಿಂಗೆ?"

ರಾಣಿಯ ಬಲಗೈ ಮೆಲ್ಲಗೆ ಎಡಗಂಕುಳ ಕೆಳಗೆ ಹೋಗಿ ಅಲ್ಲೇ ನಿಂತಿತು.

"ಉತ್ತರ ಇನ್ನೊಂದ್ಸಲ ನೋಡೇ," ಎಂದಳು. "ಇದು ಒಂಚೂರೂ ನೋಯಲ್ಲ ಕಣೇ."

ಇವಳು ಉತ್ತರಪತ್ರವನ್ನು ಮತ್ತೆ ಬಿಡಿಸಿದಳು. ರಾಣಿ ಬರೆದದ್ದೇ ಸರಿಯಾಗಿರಲಿ ಎಂದು, ಮೂರು ವರ್ಷದಲ್ಲಿ ಮೊದಲ ಸಲ, ಬೇಡಿಕೊಳ್ಳುತ್ತಾ.