ಶೇಷ ಒಂದು

"ಅಪ್ಪಾ, ಇದು ಅವಿಭಾಜ್ಯ ಸಂಖ್ಯೆ ಅಲ್ರಿ. 6007ರಿಂದ ಭಾಗ ಹೋಗ್ತದ," ಎಂದು ಮಗಳು ರತ್ನಮಾಲಾ ಮೊಬೈಲ್ ಮುಂದೆ ಹಿಡಿದಳು.

ಹುಮನಾಬಾದಿನ ನಿವೃತ್ತ ಗಣಿತ ಮಾಸ್ತರ ವೈಜಿನಾಥರು ಎರಡೂವರೆ ವರ್ಷ ದಿನಕ್ಕೊಂದು ಅವಿಭಾಜ್ಯ ಸಂಖ್ಯೆಯಿಂದ ಭಾಗಾಕಾರ ಮಾಡಿ, 4,81,10,063 ಅನ್ನು ಯಾವ ಸಂಖ್ಯೆಯೂ ಒಡೆಯಲಾರದು ಎಂದು ನಿನ್ನೆಯಷ್ಟೇ ಖಾತ್ರಿ ಮಾಡಿಕೊಂಡಿದ್ದರು.

"ಹ್ಯಾಂಗ ಸಾಧ್ಯ?" ಎನ್ನುತ್ತ ನೋಟ್‌ಬುಕ್ಕಿನಲ್ಲಿ 6007ರ ಪುಟ ತೆಗೆದರು. ಕೊನೆಯ ಸಾಲಿನಲ್ಲಿ ಕಳೆಯುವಾಗ ತಪ್ಪಿತ್ತು. ಸೊನ್ನೆ ಬರಬೇಕಾದಲ್ಲಿ 'ಶೇಷ 1' ಎಂದಿತ್ತು. ಮೇಲೆ, ಹೆಂಡತಿ ಕಮಳಾಬಾಯಿ ತೀರಿಕೊಂಡ ದಿನದ ತಾರೀಖು. ಅವತ್ತು ಆಕೆ ಎದೆನೋವೆಂದು ಒಳಗಿನಿಂದ ಎರಡು ಸಲ ಕರೆದಿದ್ದಳು. "ತಡಿ, ಈ ಲೆಕ್ಕ ಮುಗೀಲಿ," ಎಂದು ಇವರು ಏಳದೆ ಕೂತಿದ್ದರು.

"ಇರ್ಲಿ ಬಿಡ್ರಿ ಅಪ್ಪಾ, ಒಂದ ಲೆಕ್ಕ ತಪ್ಪಿದ್ರ ಏನಾತು?" ಎಂದಳು ರತ್ನಮಾಲಾ.

ವೈಜಿನಾಥರು ತಾರೀಖನ್ನು ಅಂಗೈಯಿಂದ ಮುಚ್ಚಿದರು.